ಒಂದು ನಾಟಕಕ್ಕಾಗಿ ದಾವಣಗೆರೆಗೆ

ಮೊದಲ ದಿನ, ಶುಕ್ರವಾರ

ನಾಟಕ ನೋಡುವುದಕ್ಕೆಂದು ಬೆಂಗಳೂರಿನಿಂದ ದಾವಣಗೆರೆಗೆ ಹೋಗುತ್ತೇನೆ ಎಂದು ರಜೆಯ ಅರ್ಜಿಯಲ್ಲಿ ಬರೆದಿದ್ದರೆ ಮೇಲಧಿಕಾರಿಗಳು ನಕ್ಕುಬಿಡುತ್ತಿದ್ದರು. ಆದ್ದರಿಂದ ‘ಮನೆಯ ಕೆಲಸ’ ಎಂದು ಬರೆದೆ. ಅದು ಪೂರ್ತಿ ಸುಳ್ಳೂ ಅಲ್ಲ. ಆ ನಾಟಕದ ಒಂದು ಹಾಡು ನಮ್ಮ ಮನೆಯದೇ ಎನ್ನುವಷ್ಟು ಬಳಕೆಯಾದದ್ದು. ಅಮ್ಮ ರೊಟ್ಟಿ ತಟ್ಟುವಾಗ ಅದನ್ನು ಗುನುಗುತ್ತಿದ್ದಳು, ಪಲ್ಲವಿ ಮುಗಿಯುವ ಹೊತ್ತಿಗೆ ರೊಟ್ಟಿ ಹಂಚಿಗೆ ಬೀಳುತ್ತಿತ್ತು. ನಾಟಕವನ್ನು ನಾನು ನೋಡಿರಲಿಲ್ಲ. ಸುಮಾರು ಅರ್ಧ ಶತಮಾನದ ಹಿಂದೆ ವೃತ್ತಿ ನಾಟಕ ಕಂಪನಿಯೊಂದು ಊರೂರಲ್ಲಿ ಕ್ಯಾಂಪ್ ಹಾಕಿ ತಿಂಗಳುಗಟ್ಟಲೆ ಆಡಿದ ಸಾಮಾಜಿಕ ನಾಟಕವದು. ಅದನ್ನು ಈಗ ಸಿನಿಮಾದ ಮತ್ತು ಧಾರಾವಾಹಿಗಳ ತಾರೆಯರನ್ನು ಸೇರಿಸಿ ಮತ್ತೆ ಆಡಿಸುತ್ತಾರೆ ಎಂಬ ಸುದ್ದಿ ಡಿಸೆಂಬರಿನಲ್ಲಿ ಬಂತು. ನಾಟಕದ ಹೆಸರನ್ನಾಗಲಿ, ಆಡಿದವರ ಮತ್ತು ಆಡಿಸಿದವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳಲಿರುವುದು ಅವರೊಬ್ಬರಿಗೇ ಸೇರಿದ ಮಾತೂ ಅಲ್ಲ.

ನಿರೀಕ್ಷೆ ಬೆಳೆದದ್ದು 40 ಸೆಕೆಂಡಿನ ಒಂದು ವೀಡಿಯೊದಿಂದ. ತಾಲೀಮಿನ ಕೋಣೆ, ನೆಲದ ಮೇಲೆ ಜಮಖಾನ, ಮೂಲೆಯಲ್ಲಿ ಕಾಲಿನಿಂದ ತಿದಿ ಒತ್ತುವ ಹಳೆಯ ಹಾರ್ಮೋನಿಯಂ, ಅದರ ಮುಂದೆ ನಿಂತು ನಮ್ಮ ಕಾಲದ ನಾಯಕನಟ ಅದೇ ಪಲ್ಲವಿಯನ್ನು ಎತ್ತಿಕೊಳ್ಳುತ್ತಾನೆ, ಶ್ರುತಿಗೆ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತಾನೆ, ನಾಚಿ ನಗುತ್ತಾನೆ. ಆ ನಾಚಿಕೆಯೇ ನನ್ನನ್ನು ಗೆದ್ದಿತು. ಕಲಿಯುತ್ತಿದ್ದಾನೆ, ಇನ್ನೆರಡು ತಿಂಗಳಲ್ಲಿ ಕಲಿತುಬಿಡುತ್ತಾನೆ ಎಂದುಕೊಂಡೆ. ಜೊತೆಗೆ ಬಂದ ಗೆಳೆಯನ ಕಾರಣ ಇನ್ನೂ ಸರಳವಾದದ್ದು: ಪಿಯುಸಿಯಲ್ಲಿದ್ದಾಗ ಆತ ತರಗತಿ ತಪ್ಪಿಸಿ ನೋಡಿದ ಸಿನಿಮಾಗಳೆಲ್ಲ ಈ ನಟನವೇ.

ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಹೋದರೆ 260 ಕಿಲೋಮೀಟರು, ನಡುವೆ ಚಿತ್ರದುರ್ಗ ಸಿಗುತ್ತದೆ. ರೈಲು ಮಾತ್ರ ದುರ್ಗವನ್ನು ಮುಟ್ಟದೆ ಅರಸೀಕೆರೆ, ಬೀರೂರು, ಚಿಕ್ಕಜಾಜೂರುಗಳ ಮೇಲೆ ಬಳಸಿಕೊಂಡು ಹೋಗುತ್ತದೆ. ಬಳಸು ದಾರಿ ನಮಗೆ ಅನುಕೂಲವೇ ಆಯಿತು. ಅರಸೀಕೆರೆಯವರೆಗೆ ಗೆಳೆಯ ತನ್ನ ನಾಯಕನ ಸಿನಿಮಾಗಳ ಸಂಭಾಷಣೆಗಳನ್ನು ಒಪ್ಪಿಸಿದ, ಅಲ್ಲಿಂದ ಮುಂದೆ ನಾನು ಅಮ್ಮನ ಬಾಯಿಂದ ಕೇಳಿದಷ್ಟು ಕಥೆಯನ್ನು ಅವನಿಗೆ ಹೇಳಿದೆ. ಸಾಲಕ್ಕೆ ಸಿಕ್ಕಿದ ಒಕ್ಕಲು ಮನೆತನ, ಪೇಟೆ ಸೇರಿ ಕೆಟ್ಟ ಹಿರಿಮಗ, ಅತ್ತೆ ಮನೆಯ ಮರ್ಯಾದೆ ಕಾಯಲು ತಾಳಿಯನ್ನೇ ಅಡವಿಡುವ ಸೊಸೆ, ಮೇಲೊಬ್ಬ ಸಾಹುಕಾರ. ಕಥೆಯಲ್ಲಿ ಹೊಸದೇನೂ ಇಲ್ಲ, ಆಗಲೂ ಇರಲಿಲ್ಲ.

ಸಂಜೆ ದಾವಣಗೆರೆಯಲ್ಲಿ ಇಳಿದಾಗ ದೊಡ್ಡಪ್ಪನೇ ನಿಲ್ದಾಣಕ್ಕೆ ಬಂದಿದ್ದರು. ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, 78 ವರ್ಷ. ನಾವು ತೊಟ್ಟಿದ್ದ ಬಟ್ಟೆ ನೋಡಿ, “ನಾಟಕ ನಾಳಿಗೆ ಐತಪ್ಪಾ, ಇವತ್ತೇ ಇಸ್ತ್ರಿ ಮಾಡಿಸ್ಕಂಡು ಬಂದೀರಲ್ಲ” ಎಂದು ನಕ್ಕರು. ಈ ನಾಟಕವನ್ನು ಅವರು 11 ಸಲ ನೋಡಿದ್ದಾರೆ. ಮೊದಲ ಪಾಳಿಯ ಕೆಲಸ ಬಿದ್ದ ವಾರವೆಲ್ಲ ಅವರಿಗೆ ನಾಟಕದ ವಾರ. ಎರಡನೇ ಪಾಳಿ ಬಿದ್ದರೆ ಯಾರೊಂದಿಗಾದರೂ ಅದಲು ಬದಲು ಮಾಡಿಕೊಳ್ಳುತ್ತಿದ್ದರಂತೆ.

ದಾವಣಗೆರೆಯವರಿಗೆ ಕಂಪನಿ ನಾಟಕವೆಂದರೆ ಮನೆಯ ಸಂಗತಿ. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಅವರ ಮಗಳು, 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ, 2010ರ ಜನವರಿಯಲ್ಲಿ ತೀರಿಕೊಂಡಾಗ ದೊಡ್ಡಪ್ಪ ಎರಡು ದಿನ ಸರಿಯಾಗಿ ಮಾತನಾಡಿರಲಿಲ್ಲವೆಂದು ದೊಡ್ಡಮ್ಮ ಈಗಲೂ ಹೇಳುತ್ತಾರೆ. ಸರ್ಕಾರವು ವೃತ್ತಿ ರಂಗಭೂಮಿಗೆಂದೇ ರಂಗಾಯಣ ಎಂಬ ನಾಟಕ ಸಂಸ್ಥೆಯೊಂದನ್ನು ಇಲ್ಲಿಗೆ ಕೊಟ್ಟಿರುವುದೂ ಇಂಥ ಹಿನ್ನೆಲೆ ಇರುವುದರಿಂದಲೇ. ಊರಿಗೆ ಹೆಸರು ತಂದ ಬೆಣ್ಣೆ ದೋಸೆಯ ಬೇರು ಕೂಡ ನಾಟಕದ ಬಾಗಿಲಲ್ಲೇ ಇದೆ. 1928ರಲ್ಲಿ ಬೆಳಗಾವಿಯ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬವರು ಸಾವಳಗಿ ನಾಟಕ ಥಿಯೇಟರಿನ ಹತ್ತಿರ ರಾಗಿ ದೋಸೆ ಹುಯ್ದು ಮಾರುತ್ತಿದ್ದರು, ಅವರ ಮಕ್ಕಳು ರಾಗಿಯನ್ನು ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿಗೆ ಬಂದು ಮೇಲೆ ಬೆಣ್ಣೆ ಹಾಕಿದರು ಎಂಬುದು ಊರಿನವರು ಹೇಳುವ ಚರಿತ್ರೆ. ಆಟ ಬಿಟ್ಟ ಮೇಲೆ ಹಸಿದು ಬರುವ ಜನರಿಲ್ಲದಿದ್ದರೆ ಆ ಹಂಚು ಅಲ್ಲಿ ಬಿಸಿಯಾಗುತ್ತಿರಲಿಲ್ಲ.

ಆ ರಾತ್ರಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯನ್ನು ಮುಂದಿಟ್ಟುಕೊಂಡು ದೊಡ್ಡಪ್ಪ ಹಳೆಯ ಆಟವನ್ನು ಹೇಳುತ್ತ ಹೋದರು. ತಗಡಿನ ಥಿಯೇಟರು, ನೆಲದ ಟಿಕೇಟು, ಮೂರನೇ ಬೆಲ್ಲಿಗೆ ಸರಿಯಾಗಿ ಸಿಡಿಯುವ ಪಟಾಕಿ, ನಾಂದಿ ಪದ್ಯ, ಆಮೇಲೆ ಮೇಲೇಳುವ ಅಂಕದ ಪರದೆ. ಆದರೆ ಅವರು ಹೆಚ್ಚು ಹೊತ್ತು ನಿಂತದ್ದು ಹಾರ್ಮೋನಿಯಂ ಮೇಷ್ಟ್ರ ಬಗ್ಗೆ. ಮೇಷ್ಟ್ರು ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ಒಂದು ಕಣ್ಣನ್ನು ನಟರ ಮೇಲೆ, ಇನ್ನೊಂದನ್ನು ಜನರ ಮೇಲೆ ಇಟ್ಟಿರುತ್ತಿದ್ದರು. ಹಾಡು ಮುಗಿದು ಹಿಂದಿನಿಂದ “ಒನ್ಸ್ ಮೋರ್” ಎಂಬ ಕೂಗು ಬಂದರೆ, ಆ ಕೂಗು ನಾಲ್ಕು ಪೋಕರಿಗಳದೋ ಇಡೀ ಥಿಯೇಟರಿನದೋ ಎಂದು ತೂಗಿ, ಹೌದೆನಿಸಿದರೆ ಷಡ್ಜವನ್ನು ಒತ್ತಿ ಹಿಡಿಯುತ್ತಿದ್ದರು. ಅದೇ ಅಪ್ಪಣೆ. ಸತ್ತು ಬಿದ್ದ ಪಾತ್ರಧಾರಿ ಕೂಡ ಎದ್ದು, ಧೂಳು ಕೊಡವಿ, ಹಾಡನ್ನು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ.

“ಸತ್ತವನು ಎದ್ದು ಹಾಡಿದರೆ ನಾಟಕ ಕೆಡುವುದಿಲ್ಲವೇ?” ಎಂದು ಗೆಳೆಯ ಕೇಳಿದ. ಅವನು ಬೆಂಗಳೂರಿನ ಹವ್ಯಾಸಿ ತಂಡವೊಂದರಲ್ಲಿ ಬೆಳಕು ನೋಡಿಕೊಳ್ಳುತ್ತಾನೆ.

“ಕೆಡಾದಾ? ಎರಡನೇ ಸಲ ಸತ್ತಾಗ್ಲೇ ನಾವು ಜಾಸ್ತಿ ಅಳ್ತಿದ್ದಿದ್ದು” ಎಂದರು ದೊಡ್ಡಪ್ಪ.

ಎರಡನೇ ದಿನ, ಶನಿವಾರ

ಹಗಲಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ದೋಸೆ ತಿಂದೆವು, ಮಂಡಿಪೇಟೆಯಲ್ಲಿ ಸುತ್ತಿದೆವು, ಬಿಸಿಲು ಏರಿದ ಮೇಲೆ ಮಲಗಿದೆವು. ಜಯದೇವ ವೃತ್ತದ ಬಳಿ ತಾರೆಯರ ಮುಖಗಳಿದ್ದ ದೊಡ್ಡ ಫ್ಲೆಕ್ಸು ಕಟ್ಟಿದ್ದರು. ಆರು ಮುಖಗಳು, ಅವುಗಳ ಕೆಳಗೆ ನಾಟಕದ ಹೆಸರು. ನಾಟಕಕಾರರ ಹೆಸರು ಮಾತ್ರ ಎಲ್ಲೂ ಇಲ್ಲ. ದೊಡ್ಡಪ್ಪ ಅದರ ಕೆಳಗೆ ನಿಂತು ಬಹಳ ಹೊತ್ತು ಹುಡುಕಿ, “ಬರ್ದೋನನ್ನೇ ಬಿಟ್ಟಾರೆ” ಎಂದಷ್ಟೇ ಹೇಳಿದರು. ಆಟೋವೊಂದು ಧ್ವನಿವರ್ಧಕ ಕಟ್ಟಿಕೊಂಡು “ಇಂದೇ ನೋಡಿರಿ, ಒಂದೇ ಪ್ರದರ್ಶನ” ಎಂದು ಕೂಗುತ್ತ ಹೋಯಿತು. ಒಂದೇ ಪ್ರದರ್ಶನ ಎಂಬ ಮಾತನ್ನು ನಾನು ಆಗ ಸುಮ್ಮನೆ ಕೇಳಿಸಿಕೊಂಡೆ.

ಟಿಕೇಟು ತಲೆಗೆ 1,000 ರೂಪಾಯಿ, ಎಂಟನೇ ಸಾಲು. ಆರೂವರೆಗೆ ಆಟವೆಂದು ಬರೆದಿದ್ದರಿಂದ ಆರು ಗಂಟೆಗೇ ಸಭಾಂಗಣದಲ್ಲಿದ್ದೆವು. ಜನ ಚೆನ್ನಾಗಿ ಬಂದಿದ್ದರು. ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು, ಇಳಕಲ್ ಸೀರೆಯುಟ್ಟ ಹೆಂಗಸರು, ಹರಿಹರ, ಹೊನ್ನಾಳಿ ಕಡೆಗಳಿಂದ ಟೆಂಪೋ ಮಾಡಿಕೊಂಡು ಬಂದವರು, ನಾಯಕನಟನ ಭಾವಚಿತ್ರವಿದ್ದ ಶಾಲು ಹೊದ್ದ ಹುಡುಗರು. ನನ್ನ ಪಕ್ಕದ ಅಜ್ಜಿಯೊಬ್ಬರು ಎಲೆಯಡಿಕೆಯ ಚೀಲ ಬಿಚ್ಚುತ್ತ, ತಾವು ಮದುವೆಯಾದ ವರ್ಷ ಈ ನಾಟಕ ನೋಡಿದ್ದಾಗಿ, ಆ ರಾತ್ರಿ ಗಂಡ ಮೊದಲ ಸಲ ತಮ್ಮೆದುರು ಅತ್ತದ್ದಾಗಿ ಹೇಳಿದರು. ಇಷ್ಟು ಜನ ಇಷ್ಟು ಬಗೆಯ ಆಸೆ ಹೊತ್ತು ಕೂತಿರುವಾಗ ನಾಟಕಕ್ಕೆ ಅರ್ಧ ಕೆಲಸ ಆಗಿಯೇ ಹೋಗಿರುತ್ತದೆ.

ಮೊದಲ ಬೆಲ್ಲು ಆರೂ ನಲವತ್ತಕ್ಕೆ ಆಯಿತು. ಆಮೇಲೆ ಪರದೆ ಸರಿದಾಗ ಕಂಡದ್ದು ನಾಟಕವಲ್ಲ, ಸಾಲು ಕುರ್ಚಿಗಳು. ಗಣ್ಯರು ಬಂದು ಕೂತರು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಂಬ ಕ್ರಮದಲ್ಲಿ ಒಬ್ಬೊಬ್ಬ ತಾರೆಗೂ ಸನ್ಮಾನ ನಡೆಯಿತು. ಅದರಿಂದ ತಡವಾದದ್ದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿತ್ತು. ಆಗಲೇ ಮುಖಕ್ಕೆ ಬಣ್ಣ ಹಚ್ಚಿ, ಹರಿದ ಅಂಗಿ ತೊಟ್ಟು ಬಡ ರೈತನ ವೇಷದಲ್ಲಿದ್ದ ನಾಯಕನ ತಲೆಗೆ ಜರಿಪೇಟ ತೊಡಿಸಿ ಫೋಟೊ ತೆಗೆದುಬಿಟ್ಟರು. ನಾಟಕ ಶುರುವಾಗುವ ಮುಂಚೆಯೇ ರೈತನನ್ನು ಕೊಂದುಹಾಕಿದ ಹಾಗಾಯಿತು. ಒಬ್ಬ ಭಾಷಣಕಾರರು ಕಂಪನಿ ನಾಟಕಗಳು ನಶಿಸುತ್ತಿವೆ ಎಂದು 20 ನಿಮಿಷ ಮಾತನಾಡಿದರು. ಕೊನೆಯಲ್ಲಿ ನಿರೂಪಕಿ, ಸೊಸೆಯ ಪಾತ್ರದ ಧಾರಾವಾಹಿ ನಟಿ ‘ಅನಿವಾರ್ಯ ಕಾರಣದಿಂದ’ ಬಂದಿಲ್ಲವೆಂದು ಅವಸರದಲ್ಲಿ ಓದಿ ಹೇಳಿದರು. ಬದಲಿಗೆ ಯಾರು ಎಂಬುದನ್ನು ಹೇಳಲಿಲ್ಲ. ಸಭಾಂಗಣದಲ್ಲಿ ಒಂದು ನಿಟ್ಟುಸಿರು ಹಿಂದಿನಿಂದ ಮುಂದಕ್ಕೆ ಬಂದಂತೆ ಕೇಳಿಸಿತು.

ನಾಟಕ ಏಳೂ ಐವತ್ತಕ್ಕೆ ಆರಂಭವಾಯಿತು. ಕಂಪನಿ ನಾಟಕದ ಸೀನರಿ ಎಂದರೆ ಬಟ್ಟೆಯ ಮೇಲೆ ಬರೆದು ಸುತ್ತಿ ಇಳಿಬಿಡುವ ಬೀದಿ, ಅರಮನೆ, ಕಾಡುಗಳ ಪರದೆಗಳು. ಇಲ್ಲಿ ಅವುಗಳ ಬದಲು ಹಿಂದೆ ದೊಡ್ಡ ಎಲ್‌ಇಡಿ ಪರದೆಯಿತ್ತು. ಊರ ಗುಡಿಯ ಗೋಪುರ, ಮೇಲೆ ನೀಲಿ ಆಕಾಶ, ಆಕಾಶದ ನಡುವೆ ಒಂದು ಬಿಳಿಯ ಬಾಣ. ಮೊದಲು ಅದನ್ನು ಹಕ್ಕಿ ಎಂದುಕೊಂಡೆ. ಅದು ಕಂಪ್ಯೂಟರಿನ ಮೌಸಿನ ಗುರುತು. ಮರೆಮಾಡುವುದನ್ನು ಯಾರೋ ಮರೆತಿದ್ದರು. ಮೊದಲ ಅಂಕವಿಡೀ ಅದು ಕಳಸದ ಬಲಕ್ಕೆ ನಿಂತೇ ಇತ್ತು. ತಾಯಿ ಮಗನಿಗೆ ಕೊನೆಯ ರೊಟ್ಟಿಯನ್ನು ಬಡಿಸುವ ದೃಶ್ಯದಲ್ಲಿ ಆ ಬಾಣ ಇದ್ದಕ್ಕಿದ್ದಂತೆ ಸರಸರನೆ ಓಡಾಡಿ ಅಡುಗೆಮನೆಯ ಗೋಡೆಯ ಮೇಲೆ ಬಂದು ಕೂತಾಗ ಮಕ್ಕಳು ಕಿಲಕಿಲ ನಕ್ಕರು. ಬೆಳಕಿನವನಾದ ಗೆಳೆಯ ಮುಖ ಮುಚ್ಚಿಕೊಂಡ.

ಇಷ್ಟನ್ನು ಕ್ಷಮಿಸಬಹುದಿತ್ತು, ಕ್ಷಮಿಸಿದೆವು ಕೂಡ. ಸಾಹುಕಾರನ ಪಾತ್ರದ ಸಿನಿಮಾ ಖಳನಟ ಪ್ರವೇಶಿಸಿದಾಗ ಬಿದ್ದ ಚಪ್ಪಾಳೆ ಆತನ ಯೋಗ್ಯತೆಗೆ ತಕ್ಕುದೇ. ದನಿ, ನಿಲುವು ಎಲ್ಲವೂ ಇತ್ತು. ಆದರೆ ಎದುರಿನ ನಟ ಮಾತು ಮುಗಿಸುವ ಮುಂಚೆ ಈತ ಎತ್ತಿಕೊಳ್ಳುತ್ತಿದ್ದ, ಇಲ್ಲವೇ ಇಬ್ಬರೂ ಸುಮ್ಮನಾಗಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಹಾಸ್ಯದ ಜೋಡಿಯ ಗತಿಯೂ ಅದೇ. ಟಿವಿಯಲ್ಲಿ ನಗುವನ್ನು ಆಮೇಲೆ ಸೇರಿಸುತ್ತಾರಲ್ಲ, ಹಾಗೆ ಅವರು ನಗುವಿಗಾಗಿ ಕಾಯದೆ ಮುಂದೆ ಹೋಗುತ್ತಿದ್ದರು. ಜನ ನಗಲು ಆರಂಭಿಸಿದಾಗ ಮುಂದಿನ ಮಾತು ಮುಳುಗುತ್ತಿತ್ತು. ಅದು ಮುಳುಗಿತೆಂದು ಜನ ಮುಂದಿನ ಸಲ ನಗುವುದನ್ನೇ ನಿಲ್ಲಿಸಿದರು. ನಾಯಕನಂತೂ ಮಗ್ಗುಲ ವಿಂಗಿನ ಕಡೆಗೆ ಪದೇ ಪದೇ ಕಣ್ಣು ಹಾಯಿಸುತ್ತಿದ್ದ. ಅಲ್ಲಿ ಪ್ರಾಂಪ್ಟರ್ ಇದ್ದಿರಬೇಕು. ಒಮ್ಮೆಯಂತೂ ಪ್ರಾಂಪ್ಟರ್ ಹೇಳಿದ ಮಾತು ನಾಯಕನ ಕೆನ್ನೆಯ ಮೈಕಿನಲ್ಲೇ ನಮಗೆ ಮೊದಲು ಕೇಳಿಸಿ, ಆಮೇಲೆ ನಾಯಕನ ಬಾಯಿಂದ ಬಂತು. ಶಾಲು ಹೊದ್ದ ಹುಡುಗರು ಅವನ ಹಳೆಯ ಸಿನಿಮಾದ ಸಂಭಾಷಣೆಯೊಂದನ್ನು ಹೇಳುವಂತೆ ಕೂಗತೊಡಗಿದರು. ಎರಡು ಸಲ ತಡೆದುಕೊಂಡ, ಮೂರನೇ ಸಲ, ತಂದೆಯ ಹೆಣದ ಪಕ್ಕದಲ್ಲಿ ಕೂತಿದ್ದವನು, ಎದ್ದು ನಿಂತು ಹೇಳಿಯೇಬಿಟ್ಟ. ಸಭಾಂಗಣ ಹಾರಿಹೋಗುವಷ್ಟು ಶಿಳ್ಳೆ. ಪಕ್ಕದ ಅಜ್ಜಿ ಎಲೆಯಡಿಕೆಯ ಚೀಲ ಕಟ್ಟಿಕೊಂಡರು.

ಇನ್ನು ಹಾಡು. ನಾನು ಕಾದಿದ್ದು ಅದಕ್ಕೆ. ಎರಡನೇ ಅಂಕದಲ್ಲಿ ತಾಳಿಯನ್ನು ಬಿಚ್ಚುವ ಮುಂಚೆ ಗಂಡ ಹೆಂಡತಿ ಸೇರಿ ಹಾಡುವ ಹಾಡು. ತಗ್ಗಿನ ಕಡೆ ನೋಡಿದೆ. ಅಲ್ಲಿ ತಗ್ಗೂ ಇಲ್ಲ, ವೀಡಿಯೊದಲ್ಲಿ ಕಂಡ ಹಾರ್ಮೋನಿಯಂ ಕೂಡ ಇಲ್ಲ. ಧ್ವನಿಪೆಟ್ಟಿಗೆಗಳಿಂದ ತಂತಿವಾದ್ಯಗಳ ದೊಡ್ಡ ಅಲೆ ಎದ್ದು ಬಂತು, ಸಿನಿಮಾ ಗಾಯಕರ ದನಿಯಲ್ಲಿ ಪಲ್ಲವಿ ಶುರುವಾಯಿತು, ನಾಯಕ ತುಟಿ ಆಡಿಸಿದ. ಬದಲಿಗೆ ಬಂದಿದ್ದ ಆ ನಟಿ ಮಾತ್ರ ತುಟಿ ಆಡಿಸಲಿಲ್ಲ. ಗಂಡನ ಕಡೆ ಬೆನ್ನು ತಿರುಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಹಾಡು ಚೆನ್ನಾಗಿಯೇ ಇತ್ತು, ರಾಗ ಬದಲಾಗಿರಲಿಲ್ಲ. ಮುಗಿದಾಗ ಹಿಂದಿನ ಸಾಲುಗಳಿಂದ ಒಬ್ಬ ಮುದುಕರು “ಒನ್ಸ್ ಮೋರ್” ಎಂದು ಕೂಗಿದರು. ಆಮೇಲೆ ಎಡಗಡೆಯಿಂದ, ಬಾಲ್ಕನಿಯಿಂದ, ನನ್ನ ಪಕ್ಕದಲ್ಲಿದ್ದ ದೊಡ್ಡಪ್ಪನ ಗಂಟಲಿನಿಂದ, ಕೊನೆಗೆ ನನ್ನದರಿಂದಲೂ. ಆ ಸಂಜೆ ಮೊದಲ ಬಾರಿಗೆ ಸಭಾಂಗಣ ಒಂದೇ ಮಾತು ಆಡುತ್ತಿತ್ತು.

ನಾಯಕ ಕೈ ಮುಗಿದ. ಧ್ವನಿಪೆಟ್ಟಿಗೆಯ ಮುಂದೆ ಕೂತಿದ್ದ ಹುಡುಗನ ಕಡೆ ನೋಡಿದ. ಹುಡುಗ ಎರಡೂ ಕೈ ಎತ್ತಿ ಆಗದು ಎಂದು ಸನ್ನೆ ಮಾಡಿದ. ಕೂಗು ನಿಲ್ಲಲಿಲ್ಲ. ನಾಯಕ ಮತ್ತೆ ಕೈ ಮುಗಿದ, ಏನು ಮಾಡಬೇಕೆಂದು ತೋಚದೆ ನಕ್ಕ. ವೀಡಿಯೊದಲ್ಲಿ ನನ್ನನ್ನು ಗೆದ್ದ ಅದೇ ನಾಚಿಕೆಯ ನಗು. ಆಗ ಆ ಹೆಣ್ಣುಮಗಳು ಸೆರಗು ಬಿಟ್ಟು ಮುಂದೆ ಬಂದಳು. ಕಂಪನಿಯವರು ಮೇಲಿನಿಂದ ತೂಗಿಬಿಟ್ಟ ಮೈಕಿನ ಕೆಳಗೆ ಬಂದು ನಿಲ್ಲುತ್ತಾರಲ್ಲ, ಹಾಗೆ, ಅಲ್ಲಿ ಯಾವ ಮೈಕೂ ಇಲ್ಲದಿದ್ದರೂ ರಂಗದ ನಟ್ಟನಡುವೆ ಬಂದು, ಶ್ರುತಿಯ ಆಧಾರವೇ ಇಲ್ಲದೆ ಪಲ್ಲವಿಯನ್ನು ಎತ್ತಿಕೊಂಡಳು. ದನಿ ಸ್ವಲ್ಪ ಒಡಕು. ಎರಡು ಸಾಲು ಹಾಡಿದಳು. ಎರಡನೇ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ಯಾರೂ ಕೆಮ್ಮಲಿಲ್ಲ. ಮೂರನೇ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ಹುಡುಗ ಮುಂದಿನ ದೃಶ್ಯದ ಗುಡುಗಿನ ಸದ್ದನ್ನು ಹಾಕಿಬಿಟ್ಟ. ಎಲ್‌ಇಡಿಯಲ್ಲಿ ಮಳೆ ಬಂತು, ದೀಪ ಆರಿತು.

ಹಿಂದೆ ನಾಲ್ಕು ಗಂಟೆ ಆಡುತ್ತಿದ್ದ ನಾಟಕ ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಹೊರಗೆ ಜನ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮದುವೆ ಊಟ ಸಾಲದೆ ಬಂದವರಂತೆ ಸುಮ್ಮನೆ ಚಪ್ಪಲಿ ಹುಡುಕಿಕೊಂಡು, ಟೆಂಪೋ ಹತ್ತಿಕೊಂಡು ಹೋದರು. ಕೆಲವು ಹುಡುಗರು ನಾಯಕನ ಕಾರಿನ ಸುತ್ತ ನಿಂತಿದ್ದರು. ನನ್ನ ಗೆಳೆಯ ಅವರ ಜೊತೆ ಹೋಗಲಿಲ್ಲ, ಎರಡು ಸಲ ತಿರುಗಿ ಮಾತ್ರ ನೋಡಿದ.

ಮೂರನೇ ದಿನ, ಭಾನುವಾರ

ಬೆಳಗ್ಗೆ ಕಾಫಿಯ ಜೊತೆಗೇ ವಾದ ಶುರುವಾಯಿತು. ಗೆಳೆಯನ ಪ್ರಕಾರ ಇಂಥ ನಾಟಕಗಳ ಕಾಲ ಮುಗಿದಿದೆ, ಅಷ್ಟು ಅಳು, ಅಷ್ಟು ಪ್ರಾಸ ಇವತ್ತಿನ ರಂಗಭೂಮಿಗೆ ಒಗ್ಗುವುದಿಲ್ಲ, ಯಾರು ಆಡಿದರೂ ಇಷ್ಟೇ. ನಾನು ಸಿಟ್ಟನ್ನೆಲ್ಲ ತಾರೆಯರ ಮೇಲೆ ಹೊರಿಸಿದೆ: ಮುಖ ತೋರಿಸಿ ದುಡ್ಡು ಎಣಿಸಿಕೊಂಡು ಹೋದರು, ಸಿನಿಮಾದವರನ್ನು ರಂಗಕ್ಕೆ ತರಲೇಬಾರದು.

ದೊಡ್ಡಪ್ಪ ಇಬ್ಬರನ್ನೂ ಒಪ್ಪಲಿಲ್ಲ. “ಸಿನಿಮಾದವರು ನಾಟಕ ಆಡಿದ್ದು ಇವತ್ತು ನಿನ್ನೆ ಏನಲ್ಲ. ರಾಜಕುಮಾರು, ನರಸಿಂಹರಾಜು, ಬಾಲಣ್ಣ, ಅಯ್ಯರ್ರು ಎಲ್ಲ ಸೇರಿ ಊರೂರು ತಿರುಗಿ ಆಡಿಲ್ವಾ?” ಎಂದರು. ಅದು ನಿಜ. ಸಿನಿಮಾದಲ್ಲಿ ಕೆಲಸ ಸಾಲದೆ ಕಷ್ಟವಾಗಿದ್ದ ಕಾಲದಲ್ಲಿ ಕನ್ನಡ ಕಲಾವಿದರು ಸಂಘ ಕಟ್ಟಿಕೊಂಡು ರಾಜ್ಯದಲ್ಲೆಲ್ಲ ನಾಟಕ ಆಡಿದರು. 1960ರ ‘ರಣಧೀರ ಕಂಠೀರವ’ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಈ ನಾಲ್ವರು ಹೀಗೆ ಒಂದಾದ ಬಳಿಕ ನಿರ್ಮಿಸಿದ ಸಿನಿಮಾ. ಆದರೆ ಅವರು ಸಿನಿಮಾದಿಂದ ರಂಗಕ್ಕೆ ಬಂದವರಲ್ಲ, ವೃತ್ತಿ ಕಂಪನಿಗಳಲ್ಲಿ ಬೆಳೆದು ಸಿನಿಮಾಕ್ಕೆ ಹೋದವರು, ಮರಳಿ ಬಂದಾಗ ತವರಿಗೆ ಬಂದ ಹಾಗಿತ್ತು. ಬೇರೆ ಬೇರೆ ಕಡೆಯ ಹೆಸರಾಂತ ನಟರನ್ನು ಒಂದು ರಾತ್ರಿಗೆ ಕೂಡಿಸುವ ಕಂಬೈಂಡ್ ನಾಟಕಗಳೂ ಹಿಂದೆ ಇದ್ದವು. ಅವರೆಲ್ಲರಿಗೂ ಒಂದೇ ಬಗೆಯ ಬಾಯಿಪಾಠ, ಒಂದೇ ಬಗೆಯ ಎತ್ತುಗಡೆ ಗೊತ್ತಿತ್ತು. ಎದುರಿನವನು ಯಾರೇ ಇರಲಿ, ಮಾತನ್ನು ಎಲ್ಲಿ ಬಿಡುತ್ತಾನೆ, ಎಲ್ಲಿ ಹಿಡಿಯಬೇಕು ಎಂಬುದು ತಿಳಿದಿತ್ತು.

ನನಗೆ ಅಷ್ಟು ಹೊತ್ತು ಅಸ್ಪಷ್ಟವಾಗಿದ್ದದ್ದು ಆಗ ಸ್ವಲ್ಪ ತಿಳಿಯಾಯಿತು. ಕಂಪನಿ ನಾಟಕವನ್ನು ಪುಸ್ತಕದಿಂದ ಎತ್ತಿ ಮತ್ತೆ ಆಡುವುದು ಸಾಧ್ಯವಿಲ್ಲ, ಏಕೆಂದರೆ ಅದರ ಅರ್ಧ ಪುಸ್ತಕದಲ್ಲಿ ಇರುವುದೇ ಇಲ್ಲ. ಒಂದೇ ಬಿಡಾರದಲ್ಲಿ ಉಂಡು ಮಲಗುವ, ಒಂದೇ ನಾಟಕವನ್ನು ರಾತ್ರಿಯ ಮೇಲೆ ರಾತ್ರಿ ಆಡುವ 20–30 ಜನ, ನಿನ್ನೆ ಯಾವ ಮಾತಿಗೆ ನಗು ಬಂತು, ಯಾವುದಕ್ಕೆ ಬರಲಿಲ್ಲ ಎಂದು ನೋಡಿ ಇವತ್ತು ಅರ್ಧ ಕ್ಷಣ ತಡೆಯುತ್ತಾರೆ. ಹಾಗೆ ತಡೆದು ತಡೆದು ನಾಟಕ ಹದಕ್ಕೆ ಬರುತ್ತದೆ. ‘ಒಂದೇ ಪ್ರದರ್ಶನ’ ಎಂದು ಆಟೋದಲ್ಲಿ ಕೂಗಿದ್ದು ಹೆಗ್ಗಳಿಕೆಯಾಗಿ. ಸೋಲಿನ ಕಾರಣವನ್ನೂ ಅದೇ ಆಟೋ ಊರಿಗೆಲ್ಲ ಸಾರಿಕೊಂಡು ಹೋಗಿತ್ತು. ನಾಳೆ ಎಂಬುದೇ ಇಲ್ಲದ ಆಟಕ್ಕೆ ನಿನ್ನೆಯಿಂದ ಕಲಿಯುವುದು ಏನಿರುತ್ತದೆ?

“ಹಂಗಾದ್ರೆ ನಿಮಗೂ ಬೇಜಾರಾಯ್ತಾ ದೊಡ್ಡಪ್ಪ?” ಎಂದು ಗೆಳೆಯ ಕೇಳಿದ. ಎರಡು ದಿನದಲ್ಲಿ ಅವನಿಗೂ ದೊಡ್ಡಪ್ಪನೇ ಆಗಿದ್ದರು.

“ನನಗ್ಯಾಕೆ ಬೇಜಾರು? ಆ ಹುಡುಗಿ ಎರಡು ಸಾಲು ಹಾಡ್ಲಿಲ್ವಾ? ಅದು ಕಂಪನಿ ಹುಡುಗೀನೇ. ನಿಂತ ಜಾಗ ನೋಡಿದ್ರೇ ಗೊತ್ತಾಗ್ತೈತೆ. ಹನ್ನೆರಡನೇ ಸಲ ನೋಡ್ದಂಗೆ ಆಯ್ತು” ಎಂದರು. ಅವರು ಸಮಾಧಾನಕ್ಕೆ ಹೇಳಿದ್ದೆಂದು ನನಗೆ ಅನಿಸಲಿಲ್ಲ. 11 ಆಟಗಳು ತಲೆಯಲ್ಲಿರುವವರಿಗೆ ಎರಡು ಸಾಲು ಸಾಕು, ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ನಿರಾಶೆಯಾದದ್ದು ಮೊದಲ ಸಲ ನೋಡಲು ಹೋದ ನಮಗೆ.

ಹನ್ನೊಂದರ ಬಸ್ಸಿಗೆ ಚಿತ್ರದುರ್ಗಕ್ಕೆ ಹೊರಟೆವು. 60 ಕಿಲೋಮೀಟರಿನ ದಾರಿ. ಗೆಳೆಯ ಕೋಟೆ ನೋಡಿರಲಿಲ್ಲ, ಸಂಜೆಯ ಬಸ್ಸಿಗೆ ಅಲ್ಲಿಂದಲೇ ಬೆಂಗಳೂರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ದಾರಿಯಲ್ಲಿ ಅವನೇ ಸಾಣೇಹಳ್ಳಿಯ ಮಾತು ತೆಗೆದ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಆ ಹಳ್ಳಿಯ ಶಿವಸಂಚಾರ ತಂಡ 1997ರಿಂದ ಪ್ರತಿ ವರ್ಷ ಮೂರು ನಾಟಕಗಳನ್ನು ಕಲಿತು, ನವೆಂಬರಿನ ನಾಟಕೋತ್ಸವದಲ್ಲಿ ಆಡಿ, ಆಮೇಲೆ ಲಾರಿಗೆ ಸಾಮಾನು ತುಂಬಿಕೊಂಡು ಊರೂರಿಗೆ ಹೊರಡುತ್ತದೆ. ಅವು ಕಂಪನಿ ನಾಟಕಗಳಲ್ಲ, ಆ ದಾರಿಯೇ ಬೇರೆ. ಆದರೂ ತಿಂಗಳುಗಟ್ಟಲೆ ಒಂದೇ ಕಡೆ ಇದ್ದು, ಊರಿಂದೂರಿಗೆ ಅದದೇ ಆಟ ಆಡುವವರಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಕಾಯುವ ಆ ಹದ ಕಾಣಿಸುತ್ತದೆ ಎಂದ. ಬೆಳಗ್ಗಿನ ವಾದದಲ್ಲಿ ತಾನು ಸೋತೆನೆಂದು ಒಪ್ಪಿಕೊಳ್ಳುವ ಅವನ ರೀತಿ ಇದು.

ಕೋಟೆಯನ್ನು ಹತ್ತುವಾಗ ನೆತ್ತಿಯ ಮೇಲೆ ಬಿಸಿಲು. ಏಳು ಸುತ್ತನ್ನೂ ಬಣ್ಣಿಸುವ ಉದ್ದೇಶ ನನಗಿಲ್ಲ. ಒನಕೆ ಓಬವ್ವನ ಕಿಂಡಿಯ ಬಳಿ ನಡೆದದ್ದನ್ನು ಮಾತ್ರ ಬರೆಯುತ್ತೇನೆ. ಬಂಡೆಗಳ ನಡುವೆ ಒಬ್ಬ ಮನುಷ್ಯ ಬಾಗಿ ನುಸುಳಬಹುದಾದ ಸಂದು, ಅದರೆದುರು ಖಾಕಿ ಅಂಗಿಯ ಮಾರ್ಗದರ್ಶಿಯೊಬ್ಬರು ಶಾಲಾ ಮಕ್ಕಳ ಗುಂಪಿಗೆ ಕಥೆ ಹೇಳುತ್ತಿದ್ದರು. ಹೈದರಾಲಿಯ ಮುತ್ತಿಗೆ, ಊಟಕ್ಕೆ ಹೋದ ಕಾವಲುಗಾರ ಗಂಡ, ನೀರಿಗೆ ಬಂದ ಓಬವ್ವ, ಕಿಂಡಿಯಿಂದ ತೂರಿಬರುವ ತಲೆ. ಕೈಯಲ್ಲಿ ಒನಕೆ ಇಲ್ಲ, ನೀರಿನ ಬಾಟಲಿ. ಅದನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಾರಿಸುವ ಮುಂಚೆ ನಿಂತರು. ಮಕ್ಕಳ ಉಸಿರು ನಿಲ್ಲುವವರೆಗೆ ನಿಂತು, ಆಮೇಲೆ ಬೀಸಿದರು. ಒಬ್ಬ ಹುಡುಗ “ಸಾರ್, ಇನ್ನೊಂದ್ಸಲ” ಎಂದ.

“ಗಂಟ್ಲು ಹೋಗ್ತೈತಪ್ಪಾ, ಇನ್ನೂ ನಾಲ್ಕು ಗುಂಪು ಅದಾವೆ. ಇಲ್ಲೇ ನಿಂತ್ಕೊ, ಮುಂದಿನೋರಿಗೆ ಹೇಳುವಾಗ ಕೇಳು” ಎಂದರು.

ಶಾಲೆಯವರು ಮುಂದೆ ಹೋದರು, ನಾವು ನಿಂತೆವು. ಮುಂದಿನ ಗುಂಪು ಹುಬ್ಬಳ್ಳಿ ಕಡೆಯ ವಯಸ್ಸಾದ ಹೆಂಗಸರದು. ಕಥೆ ಅದೇ, ಬಂಡೆ ಅದೇ, ಬಾಟಲಿ ಅದೇ. ಆದರೆ ಈ ಸಲ ಅವರು ಬಾರಿಸುವಾಗ ಹೆಚ್ಚು ತಡೆಯಲಿಲ್ಲ. ತಡೆದದ್ದು ಅದಕ್ಕೂ ಮುಂಚೆ, ಗಂಡನಿಗೆ ಊಟಕ್ಕೆ ಬಡಿಸಿದ ಓಬವ್ವ ಅವನು ಉಣ್ಣುತ್ತಿರುವುದನ್ನು ನೋಡಿ, ಎಬ್ಬಿಸುವುದೋ ಬೇಡವೋ ಎಂದು ಯೋಚಿಸುವ ಕಡೆ. “ಉಣ್ಣೋ ಗಂಡನ್ನ ಹೆಂಗೆ ಎಬ್ಬಿಸ್ತಾಳೆ ಹೇಳ್ರಿ ತಾಯಿ?” ಎಂದು ಕೇಳಿ ಸುಮ್ಮನಾದರು. ಹೆಂಗಸರಲ್ಲಿ ಇಬ್ಬರು ಸೆರಗು ಬಾಯಿಗೆ ಇಟ್ಟುಕೊಂಡರು. ಮಕ್ಕಳಿಗೆ ಹೇಳುವಾಗ ಆ ಮಾತು ಇರಲೇ ಇಲ್ಲ.

ಗೆಳೆಯ ಅವರ ಕೈಗೆ 200 ರೂಪಾಯಿ ಕೊಟ್ಟ. ಅವರು ನಮ್ಮನ್ನು ಯಾವ ಗುಂಪಿಗೂ ಸೇರದವರೆಂದು ಅನುಮಾನದಿಂದ ನೋಡುತ್ತ ಇಸಿದುಕೊಂಡರು.

ಸಂಜೆ ಬಸ್ಸು ಹಿರಿಯೂರು ದಾಟುವ ಹೊತ್ತಿಗೆ ದೊಡ್ಡಪ್ಪನ ಫೋನು ಬಂತು. ಆ ನಟಿ ಯಾರೆಂದು ಅವರು ಪತ್ತೆ ಮಾಡಿದ್ದರು. ಉತ್ತರ ಕರ್ನಾಟಕದ ಒಂದು ಕಂಪನಿಯವಳಂತೆ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಕರೆಸಿದ್ದರಂತೆ, ಅವಳ ಕಂಪನಿ ಮುಂದಿನ ತಿಂಗಳು ಜಾತ್ರೆಯೊಂದರಲ್ಲಿ ಕ್ಯಾಂಪ್ ಮಾಡುತ್ತದಂತೆ. ಟಿಕೇಟು 150 ರೂಪಾಯಿ.

“ಹಾರ್ಮೋನಿಯಂ ಪೆಟ್ಟಿಗೆ ಇರ್ತದಾ ದೊಡ್ಡಪ್ಪ?” ಎಂದು ಕೇಳಿದೆ.

“ಇರ್ತೈತೆ ಅಂದಾರೆ. ನೀನು ರಜಾ ಬರ್ದಿಡು” ಎಂದರು. ಪಕ್ಕದಲ್ಲಿ ಕೂತ ಗೆಳೆಯ, ಎಷ್ಟು ದಿನ ರಜೆ ಬೇಕಾಗುತ್ತದೆ ಎಂದು ಕೇಳುವಂತೆ ಬೆರಳಿನಿಂದ ಸನ್ನೆ ಮಾಡುತ್ತಿದ್ದ.